ಮೆದು ನೀರಿಗೆ ತಕ್ಕ ತೊಟ್ಟಿ: ಮಲೆನಾಡಿನ ಮನೆಯಲ್ಲಿ ಗಿಡದ ಅಕ್ವೇರಿಯಂ

ಗಿಡ ಬೆಳೆಸುವ ಅಕ್ವೇರಿಯಂ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗಡಸು ನೀರಿನ ಊರುಗಳಿಗೆ ಹೊಂದುವಂಥವು. ಬೆಂಗಳೂರಿನ ಬೋರ್‌ವೆಲ್ ನೀರಿನವರಿಗೆ ನೀರಿನಲ್ಲಿರುವ ಸುಣ್ಣದ ಅಂಶವನ್ನು ಇಳಿಸುವುದೇ ಒಂದು ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬಾವಿ ನೀರು, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಇದಕ್ಕೆ ತದ್ವಿರುದ್ಧ. ಇಲ್ಲಿನ ಜಂಬಿಟ್ಟಿಗೆ ನೆಲದಿಂದ ಸುಣ್ಣವನ್ನೆಲ್ಲ ಮಳೆ ಎಂದೋ ತೊಳೆದುಕೊಂಡು ಹೋಗಿದೆ. ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅನೇಕ ಮನೆಗಳಲ್ಲಿ ಅಂಕಿ ನೂರನ್ನು ಮುಟ್ಟುವುದೇ ಇಲ್ಲ. ಬೇರೆ ಊರಿನವರು ದುಡ್ಡು ಕೊಟ್ಟು ಆರ್‌ಓ ಯಂತ್ರದಿಂದ ಪಡೆಯುವಂಥ ನೀರು ನಮಗೆ ನಲ್ಲಿಯಲ್ಲೇ ಬರುತ್ತದೆ. ಆದರೆ ಇದರಲ್ಲಿ ಇಲ್ಲದ್ದನ್ನು ನಾವೇ ಕೊಡಬೇಕು. ಅದನ್ನು ಮರೆತರೆ ಗಿಡ ಮುರುಟುತ್ತದೆ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಒಂದೇ ವಾರದಲ್ಲಿ ಕುಸಿಯುತ್ತದೆ, ಮೀನು ಸೊರಗುತ್ತದೆ. ಈ ಬರಹದ ಅಳತೆಗಳೆಲ್ಲ ಮೆದು ನೀರನ್ನು ಲೆಕ್ಕಕ್ಕೆ ಹಿಡಿದೇ ಕೊಟ್ಟವು.

ಮೊದಲು ನೀರನ್ನು ಅಳೆಯಿರಿ

ಟಿಡಿಎಸ್ ಮೀಟರ್, ಹನಿ ಹಾಕಿ ನೋಡುವ ಜಿಎಚ್, ಕೆಎಚ್, ಪಿಎಚ್ ಮತ್ತು ಅಮೋನಿಯಾ ಕಿಟ್‌ಗಳು ಬೇಕು. ಜಿಎಚ್ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬ ಲೆಕ್ಕ. ಕೆಎಚ್ ಅಂದರೆ ಪಿಎಚ್ ಕುಸಿಯದಂತೆ ಹಿಡಿದಿಡುವ ಬೈಕಾರ್ಬೊನೇಟ್‌ನ ಲೆಕ್ಕ. ಬಾವಿಯಿಂದ ಸೇದಿದ ಕೂಡಲೇ ಪಿಎಚ್ ನೋಡಬೇಡಿ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅಂಕಿ ತೀರಾ ಕೆಳಗೆ ಕಾಣುತ್ತದೆ. ಬಕೆಟ್ಟಿನಲ್ಲಿ ಏರ್‌ಸ್ಟೋನ್ (ಗಾಳಿ ಪಂಪಿಗೆ ಜೋಡಿಸಿ ಗುಳ್ಳೆ ಬಿಡಿಸುವ ಕಲ್ಲು) ಬಿಟ್ಟು ಒಂದು ದಿನ ಇಟ್ಟು ಆಮೇಲೆ ಅಳೆಯಿರಿ.

ಊರಿನ ಹೆಸರು ನೋಡಿ ನೀರನ್ನು ಊಹಿಸಬೇಡಿ. ಶಿಕಾರಿಪುರದ ಕಡೆಯ ಆಳದ ಬೋರ್‌ವೆಲ್‌ನ ನೀರಿಗೂ ಆಗುಂಬೆಯ ಅಬ್ಬಿಗೂ ಹೋಲಿಕೆಯೇ ಇಲ್ಲ. ಒಂದೇ ಮನೆಯಲ್ಲೂ ಮೇ ತಿಂಗಳ ಬಾವಿ ನೀರು ಬೇರೆ, ಆಗಸ್ಟ್‌ನದು ಬೇರೆ. ವರ್ಷಕ್ಕೆ ಎರಡು ಸಲವಾದರೂ ಅಳೆದು ಬರೆದಿಡಿ.

ಶಿವಮೊಗ್ಗ ನಗರದ ನಲ್ಲಿ ನೀರು ತುಂಗೆಯದು, ಕ್ಲೋರಿನ್ ಹಾಕಿ ಬರುತ್ತದೆ. ಅದನ್ನು ಏರ್‌ಸ್ಟೋನ್ ಹಾಕಿ 24 ಗಂಟೆ ಇಡಿ, ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹಾಕಿ. ಸಾಮಾನ್ಯ ಕ್ಲೋರಿನ್ ಮಟ್ಟಕ್ಕೆ 100 ಲೀಟರಿಗೆ 1 ಗ್ರಾಂ ಸಾಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಗಾಢವಾಗಿ ಬಂದ ದಿನ ನೀರು ಬದಲಿಸುವ ಕೆಲಸಕ್ಕೇ ಹೋಗಬೇಡಿ.

ತೊಟ್ಟಿ, ಸ್ಟ್ಯಾಂಡ್, ಬೆಳಕು, ಫಿಲ್ಟರ್

ಮೊದಲ ಸಲಕ್ಕೆ 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಹದವಾದದ್ದು. ಲೆಕ್ಕಕ್ಕೆ 65 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಅಂಚು ಕಳೆದರೆ ನಿಜವಾಗಿ ಹಿಡಿಯುವ ನೀರು ಸುಮಾರು 50 ಲೀಟರ್. ಮುಂದಿನ ಅಳತೆಗಳೆಲ್ಲ ಈ 50 ಲೀಟರಿಗೆ. ಇದಕ್ಕಿಂತ ಚಿಕ್ಕದು ಸುಲಭ ಎಂದು ತೋರುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಏರುಪೇರು ಬೇಗ. ಗಾಜು 6 ಮಿ.ಮೀ. ಇರಲಿ. ತುಂಬಿದ ಮೇಲೆ ಒಟ್ಟು ತೂಕ 90 ಕೆಜಿ ದಾಟಬಹುದು. ಸ್ಟ್ಯಾಂಡ್ ಸಮತಟ್ಟಾಗಿರಬೇಕು, ಗಾಜಿನಡಿ ಫೋಮ್ ಹಾಳೆ ಇರಬೇಕು. ಪಾರ್ಟಿಕಲ್ ಬೋರ್ಡ್‌ನ ಸ್ಟ್ಯಾಂಡ್ ಮಲೆನಾಡಿಗೆ ಬೇಡವೇ ಬೇಡ. ಒಂದು ಮಳೆಗಾಲದ ಥಂಡಿಗೆ ಅದು ಉಬ್ಬಿ, ಒಂದು ಮೂಲೆ ಕುಸಿದು, ಗಾಜಿನ ಬೆಸುಗೆಯ ಮೇಲೆ ಭಾರ ಬೀಳುತ್ತದೆ. ಕಬ್ಬಿಣದ ಚೌಕಟ್ಟು ಅಥವಾ ಗಟ್ಟಿ ಮರ ಸರಿ.

ಬೆಳಕಿಗೆ 6500 ಕೆಲ್ವಿನ್‌ನ 20ರಿಂದ 25 ವಾಟ್ ಎಲ್‌ಇಡಿ ಸಾಕು. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಗಿಡ ಹಿಡಿದ ಮೇಲೆ 8. ಕರೆಂಟ್ ಹೋಗಿ ಬರುವ ನಮ್ಮ ಕಡೆ ಮುಳ್ಳು ತಿರುಗುವ ಟೈಮರ್ ಕೊಳ್ಳಬೇಡಿ. ಪ್ರತಿ ಸಲ ಕರೆಂಟ್ ಹೋದಾಗ ಅದು ಹಿಂದೆ ಬೀಳುತ್ತದೆ, ವಾರ ಕಳೆಯುವುದರೊಳಗೆ ತೊಟ್ಟಿಗೆ ನಡುರಾತ್ರಿಯಲ್ಲಿ ಹಗಲಾಗುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಫಿಲ್ಟರ್ ಗಂಟೆಗೆ 300–400 ಲೀಟರ್ ಹಾಯಿಸುವಂಥದ್ದು ಇರಲಿ. ಒಳಗೆ ಸ್ಪಂಜು ಮತ್ತು ಸೆರಾಮಿಕ್ ಉಂಗುರ ಇದ್ದರೆ ಆಯಿತು.

ನೆಲ: ಮರಳಿನ ಕೆಳಗೆ ಏನಿದೆ ಎಂಬುದೇ ಮುಖ್ಯ

ಕೆಳಗೆ 1.5–2 ಸೆಂ.ಮೀ. ಪೋಷಕ ಪದರ, ಮೇಲೆ 4 ಸೆಂ.ಮೀ. ಮರಳು. ಮರಳು ಸುಮಾರು 12 ಕೆಜಿ ಬೇಕಾಗುತ್ತದೆ. ಕಾಳು 1ರಿಂದ 3 ಮಿ.ಮೀ. ಇರಲಿ, ಅದಕ್ಕಿಂತ ನುಣ್ಣಗಿದ್ದರೆ ಒತ್ತಿಕೊಂಡು ಬೇರಿಗೆ ಉಸಿರುಗಟ್ಟುತ್ತದೆ. ಎಂ-ಸ್ಯಾಂಡ್ ಬೇಡ. ಅದರ ಹುಡಿ ಎಷ್ಟು ತೊಳೆದರೂ ಮುಗಿಯುವುದಿಲ್ಲ, ಅಂಚು ಚೂಪಾಗಿರುವುದರಿಂದ ತಳದಲ್ಲಿ ಮೇಯುವ ಮೀನಿನ ಮೀಸೆ ಸವೆಯುತ್ತದೆ.

ಪೋಷಕ ಪದರಕ್ಕೆ ಅಂಗಡಿಯ ಅಕ್ವಾಸಾಯಿಲ್ ಬಳಸಬಹುದು, ಮನೆಯ ಮಣ್ಣನ್ನು ಹದ ಮಾಡಿಯೂ ಬಳಸಬಹುದು. ಗೊಬ್ಬರ ಕಾಣದ ಬ್ಯಾಣದ (ಹುಲ್ಲುಗಾವಲಿನ) ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಎರಡು ದಿನ ನೆನೆಸಿ, ತೇಲುವ ಕಸ ಬಸಿದು, ಬಿಸಿಲಿಗೆ ಪೂರ್ತಿ ಒಣಗಿಸಿ. ಹೀಗೆ ನಾಲ್ಕು ಸಲ. ಇದು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ, ಜುಲೈನಲ್ಲಿ ಒಣಗಿಸಲು ಬಿಸಿಲೆಲ್ಲಿದೆ? ಹದ ಮಾಡದೆ ಸುರಿದ ಹಸಿ ಮಣ್ಣು ತಿಂಗಳುಗಟ್ಟಲೆ ಅಮೋನಿಯಾ ಬಿಡುತ್ತದೆ. ಕಡ್ಡಿ ಚುಚ್ಚಿದಾಗ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಎದ್ದರೆ ಒಳಗೆ ಗಾಳಿಯಿಲ್ಲದೆ ಕೊಳೆಯುತ್ತಿದೆ ಎಂದು ಅರ್ಥ. ಒಂದು ಹಿಡಿ ಜಂಬಿಟ್ಟಿಗೆ ಪುಡಿ ಬೆರೆಸಿದರೆ ಕಬ್ಬಿಣದ ಅಂಶ ಸಿಗುತ್ತದೆ. ಜಂಬಿಟ್ಟಿಗೆಯನ್ನೇ ಅಲಂಕಾರದ ಕಲ್ಲಾಗಿ ಇಡಬೇಡಿ, ಕರಗಿ ನೀರನ್ನು ಕೆಂಪು ಮಾಡುತ್ತದೆ. ಅಲಂಕಾರಕ್ಕೆ ಕಗ್ಗಲ್ಲು, ಹೊಳೆಗಲ್ಲು ಚೆನ್ನ. ಯಾವ ಕಲ್ಲಿಗೂ ಮೊದಲು ವಿನೆಗರ್ ಹನಿಸಿ ನೋಡಿ, ನೊರೆ ಬಂದರೆ ಸುಣ್ಣವಿದೆ.

ಅಡಿಕೆ ತೋಟದ ಮಣ್ಣನ್ನು ಮಾತ್ರ ತರಲೇಬೇಡಿ. ಏಕೆಂದರೆ:

ಮೈಲುತುತ್ತದ ಅಪಾಯ

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಬೆರೆಸಿದ್ದು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ವರ್ಷವರ್ಷವೂ ಹೊಡೆದ ತೋಟದ ಮಣ್ಣಿನಲ್ಲಿ ಆ ತಾಮ್ರ ಶೇಖರವಾಗಿರುತ್ತದೆ. ಸೀಗಡಿ, ಬಸವನಹುಳುಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ, ಪಾಚಿಯಂಥ ಮಾಸ್ ಗಿಡಗಳೂ ಸುಟ್ಟಂತಾಗುತ್ತವೆ. ಇನ್ನೊಂದು ವಿಷಯ ಇಲ್ಲಿಯವರಿಗೆ ತಿಳಿದಿರಲೇಬೇಕು: ಗಡಸು ನೀರಿನಲ್ಲಿ ಕ್ಯಾಲ್ಸಿಯಂ ತಾಮ್ರದ ವಿಷವನ್ನು ಸ್ವಲ್ಪ ತಡೆಯುತ್ತದೆ, ಮೆದು ನೀರಿನಲ್ಲಿ ಆ ರಕ್ಷಣೆ ಇಲ್ಲ. ಬೇರೆಡೆ ಮೀನು ತಾಳಿಕೊಳ್ಳುವ ತಾಮ್ರ ನಮ್ಮ ನೀರಿನಲ್ಲಿ ಅದನ್ನು ಕೊಲ್ಲಬಹುದು.

ಆದ್ದರಿಂದ ಮುಂಗಾರಿಗೆ ಮುಂಚಿನ ಔಷಧಿಯ ಹೊತ್ತಿಗೆ ಮತ್ತು ಅದಾಗಿ ಒಂದೂವರೆ ತಿಂಗಳಿಗೆ ಬರುವ ಎರಡನೆಯ ಸುತ್ತಿನ ಹೊತ್ತಿಗೆ, ತೋಟದ ಕೆಳಗಿನ ಹಳ್ಳ, ಕೆರೆ, ತೆರೆದ ಬಾವಿಯ ನೀರನ್ನು ತೊಟ್ಟಿಗೆ ಬಳಸಬೇಡಿ. ಸೂರಿನ ಮೇಲೆ ಅಡಿಕೆ ಮರ ಬಾಗಿದ್ದರೆ ಸೂರಿನ ನೀರೂ ಬೇಡ. ಔಷಧಿ ಹೊಡೆಯುವ ಮೊದಲೇ 40 ಲೀಟರ್ ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ತುಂಬಿಡಿ, ಎರಡು ವಾರಕ್ಕೆ ಸಾಲುತ್ತದೆ. ಬೋರ್ಡೋ ಕಲಸಿದ ಬಕೆಟ್, ಪೈಪ್, ಮಗ್ ಎಷ್ಟು ತೊಳೆದರೂ ಅಕ್ವೇರಿಯಂ ಕೆಲಸಕ್ಕೆ ಬರುವುದಿಲ್ಲ. ತೊಟ್ಟಿಯ ಬಕೆಟ್ಟಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿ ಬೇರೆಯಾಗಿಯೇ ಇಡಿ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಇಲ್ಲದ್ದನ್ನು ಕೊಡುವುದು

ಗುರಿ: ಜಿಎಚ್ 3ರಿಂದ 5, ಕೆಎಚ್ 2ರಿಂದ 3. ನೀರು ಪೂರ್ತಿ ಮೆದುವಾಗಿದ್ದರೆ 50 ಲೀಟರಿಗೆ ಶುದ್ಧ ಕ್ಯಾಲ್ಸಿಯಂ ಸಲ್ಫೇಟ್ 3 ಗ್ರಾಂ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) 2.5 ಗ್ರಾಂ ಹಾಕಿದರೆ ಜಿಎಚ್ ಸುಮಾರು 3 ಏರುತ್ತದೆ. ಅಡುಗೆ ಸೋಡಾ 3 ಗ್ರಾಂ ಹಾಕಿದರೆ ಕೆಎಚ್ 2 ಏರುತ್ತದೆ. ಪ್ರತಿ ವಾರ 15 ಲೀಟರ್ ಬದಲಿಸುವಾಗ ಹೊಸ ನೀರಿಗೆ ಮೂರೂ ಹೆಚ್ಚುಕಡಿಮೆ ಒಂದೊಂದು ಗ್ರಾಂ. ಬಕೆಟ್ಟಿನಲ್ಲೇ ಕಲಸಿ ಹಾಕಿ. ಕ್ಯಾಲ್ಸಿಯಂ ಸಲ್ಫೇಟ್ ಕರಗಲು ಹಟ ಮಾಡುತ್ತದೆ, ಹಿಂದಿನ ರಾತ್ರಿಯೇ ಹಾಕಿಟ್ಟರೆ ಒಳ್ಳೆಯದು. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ, ಚಮಚದ ಲೆಕ್ಕ ನಂಬಿಕೆಗೆ ಬರುವುದಿಲ್ಲ.

ತಕ್ಕಡಿಯ ತಾಪತ್ರಯ ಬೇಡ ಎನ್ನುವವರು ಒಂದು ಹಿಡಿ ತೊಳೆದ ಚಿಪ್ಪಿನ ಚೂರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಬಹುದು. ನೀರು ಆಮ್ಲೀಯವಾದಷ್ಟೂ ಅದು ತಾನಾಗಿ ಕರಗುತ್ತದೆ. ಆದರೆ ಎಲೆಯಡಿಕೆಯ ಸುಣ್ಣವನ್ನೋ ಗೋಡೆಯ ಸುಣ್ಣವನ್ನೋ ಹಾಕಲು ಹೋಗಬೇಡಿ. ಸುಟ್ಟ ಸುಣ್ಣ ಪಿಎಚ್ಚನ್ನು ಒಮ್ಮೆಗೇ 10ರ ಮೇಲಕ್ಕೆ ಎತ್ತಬಲ್ಲದು.

ಗಿಡ ನೆಡುವ ದಿನ

ತಳದ ಅರ್ಧಕ್ಕಿಂತ ಹೆಚ್ಚು, ಸಾಧ್ಯವಾದರೆ ಮುಕ್ಕಾಲು ಪಾಲು ಮೊದಲ ದಿನವೇ ಗಿಡದಿಂದ ತುಂಬಿರಬೇಕು. ನಾಲ್ಕು ಗಿಡ ನೆಟ್ಟು ಬೆಳೆಯಲಿ ಎಂದು ಕಾದರೆ ಆ ಖಾಲಿ ಜಾಗದ ಗೊಬ್ಬರವನ್ನೂ ಬೆಳಕನ್ನೂ ಹಾವಸೆ ತಿನ್ನುತ್ತದೆ.

ಹಿಂಬದಿಗೆ ವ್ಯಾಲಿಸ್ನೇರಿಯಾ, ಲಿಮ್ನೋಫಿಲಾ, ಹೈಗ್ರೋಫಿಲಾ, ನಡುವೆ ಕ್ರಿಪ್ಟೋಕೋರಿನ್, ನೀರುಬ್ರಾಹ್ಮಿ, ಕಟ್ಟಿಗೆಯ ಮೇಲೆ ಜಾವಾ ಫರ್ನ್, ಅನೂಬಿಯಸ್, ಮಾಸ್. ಕೆಂಪು ಗಿಡ ಬೇಕೆಂದರೆ ರೋಟಾಲಾ ಮ್ಯಾಕ್ರಾಂಡ್ರಾ. ಗಡಸು ನೀರಿನವರಿಗೆ ಬಹಳ ಕಾಟ ಕೊಡುವ ಈ ಗಿಡ ದಕ್ಷಿಣ ಭಾರತದ್ದೇ, ಮೆದು ನೀರು ಅದಕ್ಕೆ ತವರು. ಪಶ್ಚಿಮ ಘಟ್ಟದ ಲಗೆನಾಂಡ್ರಾ ಕೂಡ ಹಾಗೆಯೇ. ಇವನ್ನು ನರ್ಸರಿಯಲ್ಲಿ ಬೆಳೆಸಿದ್ದೇ ಕೊಳ್ಳಿ. ಹಳ್ಳದಿಂದ ಕಿತ್ತು ತಂದರೆ ಅಲ್ಲಿನ ಬುಡ ಬರಿದಾಗುತ್ತದೆ, ಜೊತೆಗೆ ಜಿಗಣೆ ಬರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿಹುಳುವೂ ಬರುತ್ತದೆ. ಆ ಹುಳು ನೀರಿನಲ್ಲೇ ಬೆಳೆಯುವ ಬೇಟೆಗಾರ, ರಾತ್ರಿ ಒಂದೊಂದಾಗಿ ಚಿಕ್ಕ ಮೀನುಗಳನ್ನು ತಿಂದು ಮುಗಿಸುತ್ತದೆ. ಅಂಗಡಿಯ ಗಿಡವನ್ನೂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನ ತಿಳಿ ನೇರಳೆ ನೀರಿನಲ್ಲಿ 10 ನಿಮಿಷ ಅದ್ದಿ, ಚೆನ್ನಾಗಿ ತೊಳೆದೇ ನೆಡಬೇಕು.

ನೆಡುವ ಕ್ರಮ ಹೀಗೆ. ಮರಳು ಮುಳುಗುವಷ್ಟು, ಅದರ ಮೇಲೆ ನಾಲ್ಕು ಬೆರಳು ನೀರು ಹಾಕಿಕೊಳ್ಳಿ. ತಳದಲ್ಲಿ ಬಾಳೆಲೆಯನ್ನೋ ತಟ್ಟೆಯನ್ನೋ ಇಟ್ಟು ಅದರ ಮೇಲೆ ಸುರಿದರೆ ಪೋಷಕ ಪದರ ಕದಡುವುದಿಲ್ಲ. ಕ್ರಿಪ್ಟೋಕೋರಿನ್ ಬುಡವನ್ನು ಕುಂಡದಿಂದ ಬಿಡಿಸಿ, ಹತ್ತಿಯಂಥ ನಾರನ್ನು ಪೂರ್ತಿ ತೆಗೆದು, ಬೇರನ್ನು 2 ಸೆಂ.ಮೀ.ಗೆ ಕತ್ತರಿಸಿ. ಚಿಮಟದಿಂದ ಬೇರಿನ ತುದಿಯನ್ನೇ ಹಿಡಿದು, ನೇರ ಅಲ್ಲ, ಸ್ವಲ್ಪ ಓರೆಯಾಗಿ ಬೇಕಾದ್ದಕ್ಕಿಂತ ಆಳಕ್ಕೆ ಚುಚ್ಚಿ. ಒಳಗೇ ಚಿಮಟವನ್ನು ಸಡಿಲಿಸಿ, ಬೆರಳಿನಿಂದ ಮರಳನ್ನು ಒತ್ತಿ ಹಿಡಿದು ಚಿಮಟ ಹೊರತೆಗೆಯಿರಿ. ಆಮೇಲೆ ಗಿಡವನ್ನು ಎಲೆಗಳು ಹೊರಡುವ ಬಿಳಿಯ ಕತ್ತು ಮರಳಿನ ಮಟ್ಟಕ್ಕೆ ಬರುವವರೆಗೆ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಆ ಕತ್ತು ಹೂತರೆ ಕೊಳೆಯುತ್ತದೆ. ಅನೂಬಿಯಸ್, ಜಾವಾ ಫರ್ನ್‌ಗಳ ದಪ್ಪ ಕಾಂಡವನ್ನು ಹೂಳುವುದೇ ಬೇಡ, ದಾರದಿಂದ ಕಟ್ಟಿಗೆಗೆ ಕಟ್ಟಿ.

ಒಂದೆರಡು ವಾರದಲ್ಲಿ ಕ್ರಿಪ್ಟೋಕೋರಿನ್ ಎಲೆಗಳು ಗಾಜಿನಂತಾಗಿ ಕರಗಿದರೆ ಗಾಬರಿಯಾಗಿ ಕೀಳಬೇಡಿ. ನೀರು ಬದಲಾದದ್ದಕ್ಕೆ ಅದು ಹೀಗೆ ಮಾಡುತ್ತದೆ. ಕರಗಿದ ಎಲೆಯನ್ನಷ್ಟೇ ತೆಗೆಯಿರಿ, ಬೇರಿನಿಂದ ಹೊಸದು ಬರುತ್ತದೆ.

ತೊಟ್ಟಿ ಹದಕ್ಕೆ ಬರುವವರೆಗೆ

ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಮೆದು ನೀರಿನಲ್ಲಿ ಇದು ಸುಮ್ಮನೆ ನಿಂತುಬಿಡುವುದುಂಟು. ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕವನ್ನು ಜೀರ್ಣಿಸಲು ಈ ಬ್ಯಾಕ್ಟೀರಿಯಾ ಸುಮಾರು 7 ಮಿ.ಗ್ರಾಂ ಕ್ಷಾರೀಯತೆಯನ್ನು (ಕೆಎಚ್ ಅಳೆಯುವುದು ಇದನ್ನೇ) ಖರ್ಚು ಮಾಡುತ್ತದೆ. ಕೆಎಚ್ 2 ಇದ್ದರೆ ಲೀಟರಿಗೆ 36 ಮಿ.ಗ್ರಾಂ ಆಯಿತು, 5 ಮಿ.ಗ್ರಾಂ ಸಾರಜನಕಕ್ಕೇ ಅದು ಬರಿದು. ಆಮೇಲೆ ಪಿಎಚ್ 6ರತ್ತ ಜಾರುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ವಾರಕ್ಕೆ ಎರಡು ಸಲ ಕೆಎಚ್ ನೋಡಿ, 1ಕ್ಕೆ ಇಳಿದರೆ 1.5 ಗ್ರಾಂ ಅಡುಗೆ ಸೋಡಾ ಕೊಡಿ. ಹಳೆಯ ತೊಟ್ಟಿ ಇರುವ ಪರಿಚಿತರಿಂದ ಫಿಲ್ಟರಿನ ಒಂದು ತುಂಡು ಸ್ಪಂಜು ಸಿಕ್ಕಿದರೆ ಕಾಯುವ ಕಾಲ ಅರ್ಧಕ್ಕರ್ಧ ಉಳಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸತತ ಸೊನ್ನೆ ತೋರಿದ ಮೇಲೆಯೇ ಮೀನು. ನಡುವೆ ಗಾಜಿಗೆ ಕಂದು ಹುಡಿಯಂಥ ಪಾಚಿ ಹಿಡಿಯುತ್ತದೆ, ಒರೆಸಿ, ತಾನಾಗಿ ಹೋಗುತ್ತದೆ.

ಗೊಬ್ಬರ ಅಂಗಡಿಯಲ್ಲೇ ಇದೆ

ತೋಟಕ್ಕೆ ಡ್ರಿಪ್‌ನಲ್ಲಿ ಬಿಡುವ 13:0:45 ಗೊಬ್ಬರ ಪೊಟ್ಯಾಸಿಯಂ ನೈಟ್ರೇಟ್. 0:52:34 ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಅಕ್ವೇರಿಯಂ ಬಾಟಲಿಗಳಲ್ಲಿ ದುಬಾರಿಗೆ ಮಾರುವುದರಲ್ಲೂ ಮುಖ್ಯವಾಗಿ ಇರುವುದು ಇವೇ. 500 ಮಿ.ಲೀ. ನೀರಿಗೆ 20 ಗ್ರಾಂ 13:0:45 ಕರಗಿಸಿ ಒಂದು ಬಾಟಲಿ, ಇನ್ನೊಂದರಲ್ಲಿ ಅಷ್ಟೇ ನೀರಿಗೆ 2 ಗ್ರಾಂ 0:52:34. ವಾರಕ್ಕೆ ಎರಡು ಸಲ ಎರಡರಿಂದಲೂ 10 ಮಿ.ಲೀ. ಒಂದು ಸಲಕ್ಕೆ ನೈಟ್ರೇಟ್ ಸುಮಾರು 4.5, ಫಾಸ್ಫೇಟ್ 0.5 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಏರುತ್ತದೆ. ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶಕ್ಕೆ ಅಕ್ವೇರಿಯಂಗೆಂದೇ ಮಾಡಿದ ಬಾಟಲಿ ಬಳಸುವುದು ಕ್ಷೇಮ, ತೋಟದ ಮಿಶ್ರಣಗಳಲ್ಲಿ ತಾಮ್ರ ಹೆಚ್ಚಿರಬಹುದು. 19:19:19 ಮಾತ್ರ ತೊಟ್ಟಿಯ ಹತ್ತಿರಕ್ಕೂ ತರಬೇಡಿ. ಅದರ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯಂ ಮತ್ತು ಯೂರಿಯಾ. ಮೀನಿಗೆ ವಿಷ, ಹಾವಸೆಗೆ ಹಬ್ಬ.

ಎಲೆ ನೋಡಿ ಕೊರತೆ ಗುರುತಿಸುವುದನ್ನು ಕಲಿಯಿರಿ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತಾದರೆ ಪೊಟ್ಯಾಸಿಯಂ. ಹಳೆಯ ಎಲೆಯ ನರ ಹಸಿರಾಗಿಯೇ ಇದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅದೇ ಲಕ್ಷಣ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣ. ನಮ್ಮ ಕಡೆ ಹೆಚ್ಚು ಕಾಣುವುದು ಐದನೆಯದು: ರೋಟಾಲಾದ ತುದಿಯ ಎಳೆ ಎಲೆಗಳು ಚಿಕ್ಕದಾಗಿ, ಒಂದು ಬದಿಗೆ ಸೊಟ್ಟಗಾಗಿ, ಅಂಚು ಬೆಳ್ಳಗಾಗಿ ಕೊಕ್ಕೆಯಂತೆ ಕೆಳಗೆ ಬಾಗುತ್ತವೆ. ಕೆಳಗಿನ ಎಲೆಗಳು ಮಾತ್ರ ಚೆನ್ನಾಗಿಯೇ ಇರುತ್ತವೆ. ಇದು ಕ್ಯಾಲ್ಸಿಯಂ ಕೊರತೆ. ಕಬ್ಬಿಣ ಸುರಿದರೆ ಗುಣವಾಗದು. ಜಿಎಚ್ ಸರಿಪಡಿಸಿದರೆ ಎರಡು ವಾರದಲ್ಲಿ ಹೊಸ ತುದಿ ನೇರವಾಗಿ ಬರುತ್ತದೆ, ಸೊಟ್ಟಾದ ಎಲೆ ಮಾತ್ರ ನೇರವಾಗುವುದಿಲ್ಲ. ಅದನ್ನು ಕತ್ತರಿಸಿ ಬಿಡಿ.

ಇಂಗಾಲದ ಡೈಆಕ್ಸೈಡ್

ಮೇಲೆ ಹೇಳಿದ ಗಿಡಗಳಲ್ಲಿ ಕೆಂಪು ರೋಟಾಲಾ ಬಿಟ್ಟು ಉಳಿದವು ಇದಿಲ್ಲದೆಯೂ ಬದುಕುತ್ತವೆ. ಕೊಡುವುದಾದರೆ 200 ಗ್ರಾಂ ಸಿಟ್ರಿಕ್ ಆಸಿಡ್, 200 ಗ್ರಾಂ ಅಡುಗೆ ಸೋಡಾದ ಒತ್ತಡದ ಬಾಟಲಿ ಕಿಟ್ ಈ ಅಳತೆಯ ತೊಟ್ಟಿಗೆ ಸಾಕು. ಸಕ್ಕರೆ-ಯೀಸ್ಟ್ ಬಾಟಲಿ ಮಳೆಗಾಲದ ಚಳಿಗೆ ಮಂಕಾಗುತ್ತದೆ. ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರುಮಾಡಿ, ದೀಪ ಹತ್ತುವ ಒಂದೂವರೆ ಗಂಟೆ ಮೊದಲು ತೆರೆದು, ಆರುವ ಒಂದು ಗಂಟೆ ಮೊದಲು ಮುಚ್ಚಿ. ಮೆದು ನೀರಿನಲ್ಲಿ ಪಿಎಚ್ ಬಹಳ ಇಳಿಯುತ್ತದೆ. 30 ಪಿಪಿಎಂ ಗ್ಯಾಸ್ ಇದ್ದಾಗ ಕೆಎಚ್ 4 ಇದ್ದರೆ ಪಿಎಚ್ 6.6, ಕೆಎಚ್ 2 ಇದ್ದರೆ 6.3, ಕೆಎಚ್ 1 ಇದ್ದರೆ 6. ಪಿಎಚ್ ಮಾತ್ರ ನೋಡಿ ಹೆದರಬೇಡಿ, ಗ್ಯಾಸಿನ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಬದಲಿಸುವ ಡ್ರಾಪ್ ಚೆಕರ್ ಹಸಿರಿದೆಯೇ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆಯೇ ನೋಡಿ.

ಕೈಯಲ್ಲಿ ತಿರುಗಿಸುವ ಕವಾಟದ ಕಿಟ್ ಆದರೆ ಕರೆಂಟ್ ಹೋದ ಕೂಡಲೇ ಮುಚ್ಚಲೇಬೇಕು. ದೀಪವಿಲ್ಲ, ಗಿಡ ಗ್ಯಾಸ್ ಬಳಸುವುದಿಲ್ಲ, ಫಿಲ್ಟರ್ ನಿಂತಿದೆ, ಬಾಟಲಿ ಮಾತ್ರ ಗುಳ್ಳೆ ಬಿಡುತ್ತಲೇ ಇರುತ್ತದೆ. ಒಂದೇ ರಾತ್ರಿಗೆ ಮೀನೆಲ್ಲ ಹೋಗುತ್ತವೆ.

ಯಾವ ಮೀನು

ಅಂಗಡಿಯಲ್ಲಿ ಸುಲಭದ ಮೀನೆಂದು ಕೊಡುವ ಗಪ್ಪಿ, ಮೋಲಿಗಳು ಗಡಸು ನೀರಿನವು. ನಮ್ಮ ನೀರಿನಲ್ಲಿ ರೆಕ್ಕೆ ಮುದುಡಿಕೊಂಡು ನಿಂತಲ್ಲೇ ನಡುಗುತ್ತವೆ, ತಿಂಗಳೊಳಗೆ ಸಾಯುವುದೂ ಉಂಟು, ಕೊಂಡವರು ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಕಷ್ಟ ಎನಿಸಿಕೊಂಡ ನಿಯಾನ್ ಟೆಟ್ರಾ, ಎಂಬರ್ ಟೆಟ್ರಾ, ಹಾರ್ಲೆಕ್ವಿನ್ ರಾಸ್ಬೋರಾ, ಹನಿ ಗೌರಾಮಿಗಳು ಇಲ್ಲಿ ಚೆನ್ನಾಗಿ ಇರುತ್ತವೆ. 50 ಲೀಟರಿಗೆ 10–12 ಚಿಕ್ಕ ಟೆಟ್ರಾ ಮತ್ತು ಒಂದು ಜೊತೆ ಗೌರಾಮಿ ಸಾಕು. ಘಟ್ಟದ ಮೆಲನ್ ಬಾರ್ಬ್ ಬೇಕೆಂದರೆ ತೊಟ್ಟಿ 90 ಸೆಂ.ಮೀ. ಇರಲಿ. ಚಿಪ್ಪಲಗುಡ್ಡೆ, ಶೃಂಗೇರಿಯಂಥ ಮತ್ಸ್ಯಧಾಮಗಳ ನೀರಿನಿಂದ ಮೀನನ್ನಾಗಲಿ ಗಿಡವನ್ನಾಗಲಿ ಮುಟ್ಟುವ ಮಾತೇ ಇಲ್ಲ. ಸಕ್ಕರ್ ಮೀನು ಗಾಜು ಒರೆಸುತ್ತದೆಂದು ತರಬೇಡಿ, ಅದು ಒಂದಡಿ ಮೀರಿ ಬೆಳೆಯುತ್ತದೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೀನು ಗಡಸು ನೀರಿನಲ್ಲಿ ಇದ್ದು ಬಂದದ್ದು. ಚೀಲವನ್ನು ನೇರ ಸುರಿಯದೆ, ಸಣ್ಣ ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಮೂರು ಹನಿಯಂತೆ ತೊಟ್ಟಿಯ ನೀರನ್ನು ಒಂದೂವರೆ ಗಂಟೆ ಬೆರೆಸಿ, ಬಲೆಯಿಂದ ಎತ್ತಿ ಬಿಡಿ.

ಮಳೆಗಾಲ, ಬೇಸಿಗೆ

ಜೂನ್‌ನಿಂದ ನೀರಿನ ಉಷ್ಣತೆ 20–22 ಡಿಗ್ರಿಗೆ ಇಳಿಯುತ್ತದೆ. 50 ವಾಟಿನ ಹೀಟರ್ ಇಟ್ಟು 25ಕ್ಕೆ ನಿಲ್ಲಿಸಿ. ಉಷ್ಣತೆ ಏಕಾಏಕಿ ಇಳಿದಾಗಲೇ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ರೋಗ ಬರುವುದು. ಬಂದರೆ ದಿನಕ್ಕೆ ಎರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಏರ್‌ಸ್ಟೋನ್ ಜೋರಾಗಿ ಬಿಟ್ಟು, ಎರಡು ವಾರ ಹಾಗೇ ಇಡಿ. ಉಪ್ಪು ಸುರಿದರೆ ಗಿಡಗಳು ಕೆಡಬಹುದು.

ಕರೆಂಟ್ ಗಂಟೆಗಟ್ಟಲೆ ಹೋಗುವ ಕಾಲಕ್ಕೆ ಬ್ಯಾಟರಿಯ ಏರ್ ಪಂಪ್ ಮನೆಯಲ್ಲಿರಲೇಬೇಕು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ನಾಲ್ಕೈದು ಗಂಟೆಗಿಂತ ಹೆಚ್ಚು ನಿಂತಿದ್ದರೆ, ಕರೆಂಟ್ ಬಂದ ಕೂಡಲೇ ಹಾಗೇ ಓಡಿಸಬೇಡಿ. ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಹಾಕಿ. ಏಪ್ರಿಲ್, ಮೇ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ಎಲ್ಲ ವೈರುಗಳೂ ಸ್ವಿಚ್‌ಬೋರ್ಡಿಗಿಂತ ಕೆಳಕ್ಕೆ ಒಂದು ಬಳಸು ಇಳಿದು ಮೇಲೆ ಹೋಗಲಿ, ಹನಿ ಅಲ್ಲೇ ಬೀಳುತ್ತದೆ. ಬೇಸಿಗೆಯಲ್ಲಿ ಶಿವಮೊಗ್ಗ ನಗರದ ಸೆಕೆಗೆ ನೀರು 30 ದಾಟಿದರೆ ಮೇಲ್ಮೈಗೆ ತಾಗುವಂತೆ ಚಿಕ್ಕ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟಕ್ಕೆ ಬರೀ ನೀರು ಸೇರಿಸಿ, ಲವಣ ಬೆರೆಸಿದ್ದು ಬೇಡ.

ಕಪ್ಪು ಕುಂಚದಂಥ ಹಾವಸೆ ಎಲೆಯಂಚಿಗೆ ಹಿಡಿದರೆ ಗ್ಯಾಸ್ ಒಂದು ದಿನ ಇದ್ದು ಒಂದು ದಿನ ಇಲ್ಲದಂತಾಗಿದೆ ಎಂದರ್ಥ, ಕರೆಂಟ್ ಕೈಕೊಡುವ ತಿಂಗಳಲ್ಲಿ ಇದು ಸಾಮಾನ್ಯ. ಫಿಲ್ಟರ್ ನಿಲ್ಲಿಸಿ, 3% ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಸಿರಿಂಜಿನಲ್ಲಿ ಅದರ ಮೇಲೆಯೇ ಬಿಟ್ಟು, 15 ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಒಟ್ಟು ಲೀಟರಿಗೆ 1 ಮಿ.ಲೀ. ಮೀರಬಾರದು, ಮಾಸ್ ಮೇಲೆ ಬೀಳಬಾರದು.

ವಾರದ ಕೆಲಸ

ಗಾಜು ಒರೆಸಿ, ಬಾಡಿದ ಎಲೆ ತೆಗೆದು, 15 ಲೀಟರ್ ಸೈಫನ್ ಮಾಡಿ, ಲವಣ ಕಲಸಿ ಒಳಗಿನದೇ ಉಷ್ಣತೆಗೆ ತಂದ ನೀರು ತುಂಬಿ. ಕಾಂಡದ ಗಿಡ ಮೇಲ್ಮೈ ಮುಟ್ಟಿದಾಗ ಅರ್ಧಕ್ಕೆ ಕತ್ತರಿಸಿ ತುದಿಯನ್ನು ಪಕ್ಕದಲ್ಲೇ ನೆಡಿ. ಫಿಲ್ಟರ್ ಸ್ಪಂಜು ತಿಂಗಳಿಗೊಮ್ಮೆ, ಅದೂ ತೆಗೆದ ಹಳೆ ನೀರಿನಲ್ಲಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಆರು ವಾರದ ಕೆಲಸ ಮತ್ತೆ ಮೊದಲಿನಿಂದ. ತೆಗೆದ ನೀರು ಹೂವಿನ ಕುಂಡಕ್ಕೆ ಹೋಗಲಿ. ಕತ್ತರಿಸಿದ ಗಿಡದ ಚೂರುಗಳನ್ನು ಹಳ್ಳಕ್ಕೋ ಕೆರೆಗೋ ಎಸೆಯಬೇಡಿ, ಒಂದು ಗೆಣ್ಣು ಸಾಕು ಅಲ್ಲಿ ಬೇರೂರಲು. ಅಂಗಳದ ಚಪ್ಪಡಿಯ ಮೇಲೆ ಗರಿಗರಿ ಒಣಗಿಸಿ ಗೊಬ್ಬರಗುಂಡಿಗೆ ಹಾಕಿ. ಮಳೆಗಾಲದಲ್ಲಿ ಒಣಗದಿದ್ದರೆ ಬಚ್ಚಲ ಒಲೆಯ ಪಕ್ಕ ಹರಡಿ.